ಮಣಿಮೇಗಲೈ ಇಟ್ಟ ಎಡೆ

ನನ್ನ ನಾದಿನಿ ಮಣಿಮೇಗಲೈ ಕಲಿತದ್ದು ಕೊಳೆಯುವ ವಿದ್ಯೆ. ಇದು ನನ್ನ ಮಾತಲ್ಲ, ತೇವಾರಂ ಊರಿನ ಮಾತು. ದಿಂಡಿಗಲ್ಲಿನ ಒಂದು ಕಾಲೇಜಿನಲ್ಲಿ ಅವಳು ಪಾಠ ಹೇಳುತ್ತಾಳೆ. ಮಳೆ ಬಿದ್ದರೆ ಬೋಡಿನಾಯಕನೂರಿನ ಮೇಲಿನ ಕಾಡು ಹತ್ತುತ್ತಾಳೆ. ಬಿದ್ದ ಮರ, ಉದುರಿದ ಎಲೆ, ಆನೆಯ ಲದ್ದಿ, ಎಲ್ಲದರ ಮುಂದೆ ಮೊಣಕಾಲೂರಿ ಕೂತು ಅಲ್ಲಿ ಹುಟ್ಟಿದ ಅಣಬೆಗಳನ್ನು ಭೂತಗನ್ನಡಿ ಹಿಡಿದು ನೋಡುವುದು ಅವಳ ಕೆಲಸ. ಅಣಬೆಗೆ ಈ ಕಡೆ ಕಾಳಾನ್ ಎನ್ನುತ್ತಾರೆ. ಹಾಗಾಗಿ ಅಷ್ಟೆಲ್ಲ ಓದಿ ಹೆಸರಿನ ಮುಂದೆ ಡಾಕ್ಟರ್ ಹಾಕಿಕೊಂಡ ಮೇಲೂ ಊರವರ ಬಾಯಲ್ಲಿ ಅವಳು ಕಾಳಾನ್ ಮಣಿಯಾಗಿಯೇ ಉಳಿದಳು. ನೋಡಲು ಬಂದ ಗಂಡುಗಳು ಕೆಲಸ ಏನೆಂದು ಕೇಳಿ, ಕಾಫಿ ಕುಡಿದು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಹೋಗಲಿ ಬಿಡಿ, ಬಂದವರಲ್ಲಿ ಅವಳಿಗೆ ತಕ್ಕವನು ಒಬ್ಬನೂ ಇರಲಿಲ್ಲ ಎಂದೇ ನನ್ನ ಅಭಿಪ್ರಾಯ.

ನಾನು ಆ ಮನೆಯ ಸೊಸೆ, ಕೊಳ್ಳೇಗಾಲದ ಕಡೆಯವಳು. ಮಣಿಯಕ್ಕನ ತಮ್ಮ ಸೆಂದಿಲ್‌ಕುಮಾರ್ ನನ್ನ ಗಂಡ. ಅವರ ಮನೆಮಾತೂ ಕನ್ನಡವೇ, ಹೆದರಬೇಡ ಎಂದು ಅಪ್ಪ ಧೈರ್ಯ ಹೇಳಿ ಕಳಿಸಿದ್ದರು. ಬಂದು ಕಿವಿಗೊಟ್ಟರೆ ಅರ್ಧ ನಮ್ಮ ಮುತ್ತಜ್ಜಿಯ ಕಾಲದ ಮಾತು, ಇನ್ನರ್ಧ ತಮಿಳು. ಎಷ್ಟೋ ತಲೆಮಾರಿನ ಹಿಂದೆ ಗುಡ್ಡ ದಾಟಿ ಬಂದು ಇಲ್ಲಿ ಬೇಸಾಯಕ್ಕೆ ನಿಂತವರ ಮನೆ ಅದು. ಬೀದಿಯಲ್ಲಿ ತಮಿಳು, ಒಲೆಯ ಮುಂದೆ ಕನ್ನಡ. ನನ್ನ ಗಂಡನಿಗೆ ಆ ಕನ್ನಡ ಕಿವಿಗೆ ಹೋಗುತ್ತದೆ, ಬಾಯಿಗೆ ಬರುವುದಿಲ್ಲ. ಅದನ್ನು ಬಾಯಿ ತುಂಬ ಆಡುತ್ತಿದ್ದವರು ನನ್ನ ಮಾವ ಮಾಯಾಂಡಿಯವರ ಅಕ್ಕ ಗೋವಿಂದಮ್ಮಾಳ್. ಮಣಿಯಕ್ಕನೂ ನನ್ನ ಗಂಡನೂ ಕರೆದಂತೆ ನಾನೂ ಅವರನ್ನು ಗೋವಿಂದತ್ತೆ ಎಂದೇ ಕರೆದೆ.

ಗೋವಿಂದತ್ತೆ ಓಡೈಪಟ್ಟಿಯ ದ್ರಾಕ್ಷಿ ತೋಟದ ಮನೆಗೆ ಮದುವೆಯಾಗಿ ಹೋಗಿ, ಮಕ್ಕಳಾಗುವ ಮುಂಚೆಯೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ನನ್ನ ಅತ್ತೆ ವೀರಮ್ಮಾಳ್ ಹೊಲ, ದನ ಎಂದು ಓಡಾಡುತ್ತಿದ್ದ ಕಾಲಕ್ಕೆ ಕೂಸು ಮಣಿ ಬೆಳೆದದ್ದು ಗೋವಿಂದತ್ತೆಯ ಸೊಂಟದ ಮೇಲೆ. ಮಣಿ ಮಧುರೈಗೆ ಓದಲು ಹೋಗುತ್ತೇನೆ ಎಂದಾಗ ಮಾವ ಒಪ್ಪಲಿಲ್ಲ. ಹೆಣ್ಣುಮಗಳು, ಅದೂ ಬೂಷ್ಟು ಹಿಡಿದದ್ದನ್ನು ಓದಲು ಅಷ್ಟು ದೂರ ಯಾಕೆ ಎಂದು ಕೂಗಾಡಿದರು. ಗೋವಿಂದತ್ತೆ ವಾದ ಮಾಡಲಿಲ್ಲ, ಊಟ ಬಿಟ್ಟು ಕೂತರು. ಅಕ್ಕ ಉಣ್ಣದೆ ಮಾವನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಮಣಿ ಬಸ್ಸು ಹತ್ತಿದಳು.

ಆ ಮನೆತನದಲ್ಲಿ ಒಂದು ಪದ್ಧತಿ ಇದೆ. ವರ್ಷದಲ್ಲಿ ಹೊಸದಾಗಿ ಮನೆಗೆ ಬಂದದ್ದು, ಮೊದಲ ಅವರೆಯೋ ಮೊದಲ ಮಾವೋ ಮೊದಲ ಮಳೆಯ ಅಣಬೆಯೋ, ಏನೇ ಇರಲಿ, ಅಡುಗೆಗೆ ಕೈ ಹಚ್ಚುವ ಮುಂಚೆ ಅದರಲ್ಲಿ ಒಂದು ಹಿಡಿಯನ್ನು ಬಾಳೆಲೆಯ ತುಂಡಿನ ಮೇಲೆ ಒಲೆಯ ಪಕ್ಕ ಎತ್ತಿಡಬೇಕು. ಅದು ತೀರಿಕೊಂಡ ಹಿರಿಯರ ಎಡೆ. ಅದನ್ನು ಬೇರೆ ಗಡಿಗೆಯಲ್ಲಿ ಬೇಯಿಸಿ, ದೀಪದ ಮುಂದೆ ಇಟ್ಟು, ಆಮೇಲೆ ಮನೆಯ ಹಿರಿಯ ಹೆಂಗಸು ಒಬ್ಬಳೇ ಉಣ್ಣಬೇಕು. ಬೇರೆ ಯಾರೂ ಮುಟ್ಟುವಂತಿಲ್ಲ, ಒಂದು ಚೂರೂ ಎಸೆಯುವಂತಿಲ್ಲ. ಎತ್ತಿಡಬೇಕಾದವಳು ಆ ಮನೆಯಲ್ಲಿ ಹುಟ್ಟಿದ ಮಗಳು. ಸೊಸೆಯರಿಗೆ ಆ ಯೋಗ್ಯತೆ ಇಲ್ಲ. ವರ್ಷವೆಲ್ಲ ಬೇಯಿಸಿ ಹಾಕಲು ನಾವು ಬೇಕು, ಒಂದು ಹಿಡಿ ಎತ್ತಿಡಲು ಬೇಡ. ಇರಲಿ.

ಗೋವಿಂದತ್ತೆ ಹುಡುಗಿಯಾಗಿದ್ದಾಗ ಎತ್ತಿಟ್ಟರು, ಅವರ ತಾಯಿ ಉಂಡರು. ತಾಯಿ ಹೋದ ಮೇಲೆ ಇಡುವವರೂ ಇವರೇ, ಉಣ್ಣುವವರೂ ಇವರೇ ಆದರು. ಅದು ಅವರಿಗೆ ನಾಚಿಕೆಯ ವಿಷಯ. ಕರೆಯದ ಮನೆಗೆ ಹೋಗಿ ತಾನೇ ಬಡಿಸಿಕೊಂಡು ಉಂಡ ಹಾಗೆ ಅನ್ನುತ್ತಿದ್ದರು. ಮಣಿ ತನಗಾಗಿ ಒಂದೇ ಒಂದು ಸಲ ಎತ್ತಿಡಬೇಕು ಎಂಬುದು ಅವರ ಜೀವನದ ದೊಡ್ಡ ಆಸೆಯಾಗಿತ್ತು. ಬಾಯಿಬಿಟ್ಟು ಕೇಳುವವರಲ್ಲ. ಮಣಿ ಬಂದ ದಿನ ಬಾಳೆಲೆಯ ತುಂಡನ್ನು ಕೊಯ್ದು ತೊಳೆದು ಅವಳ ಕಣ್ಣಿಗೆ ಬೀಳುವಂತೆ ಇಡುತ್ತಿದ್ದರು. ಮಣಿ ಅದರ ಮೇಲೆ ತಿಂಡಿ ಹಾಕಿಕೊಂಡು ತಿನ್ನುತ್ತಿದ್ದಳು.

ಮಣಿಯಕ್ಕನಿಗೆ ಅತ್ತೆಯ ಮೇಲೆ ಪ್ರಾಣ. ಆದರೆ ಈ ಎಡೆಯ ವಿಷಯದಲ್ಲಿ ನಗುತ್ತಿದ್ದಳು. ಸತ್ತವರಿಗೆ ಏನೇನು ಆಗಬೇಕೋ ಅದನ್ನೆಲ್ಲ ನನ್ನ ಕಾಳಾನ್‌ಗಳು ಮಣ್ಣಿನೊಳಗೆ ಮಾಡುತ್ತಿವೆ, ನೀನು ಯಾಕೆ ಕಷ್ಟಪಡುತ್ತೀಯ ಎಂದು ರೇಗಿಸುತ್ತಿದ್ದಳು. ನನಗೂ ಒಮ್ಮೆ ಕೂರಿಸಿಕೊಂಡು ಹೇಳಿದ್ದಳು. ಕಾಡಿನಲ್ಲಿ ಬಿದ್ದ ಎಲೆ, ಸತ್ತ ಮರ ಎಲ್ಲವನ್ನೂ ಕರಗಿಸಿ ಮತ್ತೆ ಬೇರಿಗೆ ಉಣಿಸುವುದು ಈ ಜೀವಗಳಂತೆ. ಅವು ಒಂದು ವರ್ಷ ಕೆಲಸ ನಿಲ್ಲಿಸಿದರೆ ಕಾಡು ತನ್ನ ಕಸದಲ್ಲಿ ತಾನೇ ಹೂತುಹೋಗುತ್ತದಂತೆ. ನಮ್ಮ ಬೆಟ್ಟಗಳಲ್ಲಿ ಇರುವ ಅಣಬೆಗಳಲ್ಲಿ ಹೆಸರಿಟ್ಟಿರುವುದಕ್ಕಿಂತ ಹೆಸರಿಡದವೇ ಹೆಚ್ಚಂತೆ. ಹುಲಿಯ ಹಿಂದೆ ಹೋಗುವವರಿಗೆ ಜೀಪು, ಕ್ಯಾಮೆರಾ, ಸನ್ಮಾನ. ಇವಳಿಗೆ ಜಿಗಣೆ. ಆದರೂ ಒಂದು ಮಳೆಗಾಲವನ್ನೂ ಬಿಟ್ಟವಳಲ್ಲ. ಸಿರುಮಲೈ, ಮೇಘಮಲೈ, ಬೋಡಿಯ ಮೇಲಿನ ಕಾಡು, ಎಲ್ಲ ಅವಳ ಕಾಲ ಕೆಳಗೆ ಸವೆದಿವೆ.

ಕೆಲಸದಲ್ಲಿ ಅವಳದು ಮಡಿಹೆಂಗಸಿನ ಶಿಸ್ತು. ಅಣಬೆ ಕಿತ್ತ ದಿನವೇ ಅದರ ಚಿತ್ರ ತೆಗೆದು, ಬಣ್ಣ, ವಾಸನೆ ಬರೆದು, ಹದವಾದ ಬಿಸಿಯಲ್ಲಿ ಒಣಗಿಸಬೇಕು. ತಡವಾದರೆ ಅಂಬಲಿಯಾಗಿ ಹೋಗುತ್ತದೆ, ಆಮೇಲೆ ಅದು ಯಾವ ಜಾತಿ ಎಂದು ಬ್ರಹ್ಮನೂ ಹೇಳಲಾರ. ಒಂದೊಂದನ್ನೂ ಮೇಣದ ಕಾಗದದಲ್ಲಿ ಸುತ್ತಿ ತಗಡಿನ ಡಬ್ಬಿಗೆ ಹಾಕುತ್ತಾಳೆ. ಆ ಡಬ್ಬಿ ಅಡುಗೆಮನೆಯ ಹೊಸಿಲು ದಾಟಬಾರದು. ತೇವಾರಂಗೆ ಬಂದರೆ ಡಬ್ಬಿ ದನದ ಕೊಟ್ಟಿಗೆಯ ಜಗಲಿಯಲ್ಲಿ ಇರುತ್ತಿತ್ತು. ಒಣಗಿಸಲು ಅಲ್ಲಿಯೇ ಒಂದು ಕರೆಂಟಿನ ಪೆಟ್ಟಿಗೆ ಇಟ್ಟಿದ್ದಳು. ತನ್ನ ವಿದ್ಯಾರ್ಥಿಗಳು ಈ ನಿಯಮ ತಪ್ಪಿದರೆ ಕಾಡಿಗೆ ಕರೆದುಕೊಂಡು ಹೋಗುತ್ತಿರಲಿಲ್ಲ.

ಒಂದು ವರ್ಷ ಐಪ್ಪಸಿ ತಿಂಗಳ, ಅಂದರೆ ದೀಪಾವಳಿ ಹೊತ್ತಿನ, ಮಳೆಯಲ್ಲಿ ಬೋಡಿಯ ಮೇಲಿನ ಕಾಡಿನಿಂದ ಇಳಿದವಳು ದಿಂಡಿಗಲ್ಲಿಗೆ ಹೋಗದೆ ನೇರ ತೇವಾರಂಗೆ ಬಂದಳು. ಬುಟ್ಟಿಯಲ್ಲಿ ಮನೆಮಂದಿಗೆಂದು ಹುತ್ತದ ಅಣಬೆ ಇತ್ತು, ಬಿಳಿಯದು, ಅಗಲ ಕೊಡೆಯದು, ಎಲ್ಲರೂ ಆಸೆಪಡುವಂಥದು. ಆ ವರ್ಷ ಮನೆಗೆ ಬಂದ ಮೊದಲ ಅಣಬೆ ಅದೇ. ಜೊತೆಗೆ ಬೇರೆಯಾಗಿ ಒಂದು ಬಾಳೆಲೆಯ ಪೊಟ್ಟಣ. ಮೇಣದ ಕಾಗದವೆಲ್ಲ ಮಳೆಗೆ ನೆನೆದು ಹಾಳಾಗಿತ್ತು, ಹಾಗಾಗಿ ಏಲಕ್ಕಿ ತೋಟದಲ್ಲಿ ಒಂದು ಎಲೆ ಹರಿದು ಅದರಲ್ಲಿ ಸುತ್ತಿ ತಂದಿದ್ದಳು. ಅದರಲ್ಲಿದ್ದವು ಸಣ್ಣ ಅಣಬೆಗಳು, ಮೇಲೆ ಕಂದು ಬಣ್ಣದ ಹಕ್ಕಳೆ, ಕೆಳಗೆ ಬೆಳ್ಳಗೆ. ಯಾರೂ ಇನ್ನೂ ಹೆಸರಿಡದ ಜಾತಿ ಎಂದು ಅವಳಿಗೆ ಖಾತ್ರಿಯಾಗಿತ್ತು. ಇಡೀ ಕೆಲಸದ ಬದುಕಿನಲ್ಲಿ ಅಂಥದೊಂದು ಸಿಕ್ಕುವುದು ಎಷ್ಟು ಅಪರೂಪ ಎಂಬುದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು ಎಂದು ವೀರಮ್ಮಾಳ್ ಆಮೇಲೆ ಹೇಳಿದರು.

ನಾನು ಆಗ ಮನೆಯಲ್ಲಿರಲಿಲ್ಲ. ಮಗಳು ಅಭಿರಾಮಿಯನ್ನು ಕರೆದುಕೊಂಡು ಬೋಡಿಯ ಹಲ್ಲಿನ ಡಾಕ್ಟರ ಬಳಿ ಹೋಗಿದ್ದೆ. ಬೆಳಗಿನಿಂದ ಕರೆಂಟಿಲ್ಲ. ಒಣಗಿಸುವ ಪೆಟ್ಟಿಗೆ ತಣ್ಣಗೆ ಕೂತಿತ್ತು. ಅಣಬೆಗಳು ಆಗಲೇ ಮೆತ್ತಗಾಗತೊಡಗಿದ್ದವು. ಮಣಿಯಕ್ಕ ಎಂದೂ ಮಾಡದ ಕೆಲಸ ಮಾಡಿದಳು. ಪೊಟ್ಟಣ ಬಿಚ್ಚಿ, ಅದೇ ಬಾಳೆಲೆಯ ಮೇಲೆ ಅವನ್ನು ಹರಡಿ, ಒಲೆಯ ಪಕ್ಕದ ಬಿಸಿಗೆ ಇಟ್ಟಳು. ಇದನ್ನು ಯಾರೂ ಮುಟ್ಟಬೇಡಿ ಎಂದು ತಾಯಿಗೆ ಹೇಳಿದಳು. ಸ್ನಾನ ಮಾಡಿ ಬಂದು, ಸ್ವಲ್ಪ ಬೆನ್ನು ಚಾಚುತ್ತೇನೆಂದು ಒಳಗೆ ಮಲಗಿದವಳಿಗೆ ಬೆಟ್ಟ ಇಳಿದ ದಣಿವಿಗೆ ನಿದ್ದೆ ಹತ್ತಿತು.

ಆ ಮನೆಯಲ್ಲಿ ಅಡುಗೆಗೆ ಮುಂಚೆ ಒಲೆಯ ಪಕ್ಕ ಬಾಳೆಲೆಯ ಮೇಲೆ ಇಟ್ಟದ್ದು ಏನೆಂದು ಯಾರೂ ಯಾರನ್ನೂ ಕೇಳುವುದಿಲ್ಲ. ಮಣಿಯ ಪರೀಕ್ಷೆಯ ಅಣಬೆಗಳು ಕಾಗದದಲ್ಲಿ, ಡಬ್ಬಿಯಲ್ಲಿ, ಕೊಟ್ಟಿಗೆಯಲ್ಲಿ ಇರುತ್ತವೆ ಎಂದು ಅಷ್ಟು ವರ್ಷದಿಂದ ಎಲ್ಲರಿಗೂ ಪಾಠವಾಗಿತ್ತು. ಬುಟ್ಟಿಯ ಬಿಳಿ ಅಣಬೆಗಿಂತ ಇವು ಬೇರೆಯಾಗಿ ಕಂಡರೂ, ಮಣಿ ತಂದದ್ದೆಂದ ಮೇಲೆ ಯಾರೂ ಅನುಮಾನಪಡಲಿಲ್ಲ. ವೀರಮ್ಮಾಳ್ ಹಿತ್ತಲಿನಿಂದ ಬಂದ ಗೋವಿಂದತ್ತೆಗೆ ಎಲೆ ತೋರಿಸಿ, ಮಣಿ ಎತ್ತಿಟ್ಟಿದ್ದಾಳೆ, ಯಾರೂ ಮುಟ್ಟಬಾರದು ಅಂದಳು ಎಂದರು. ಗೋವಿಂದತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರಂತೆ. ಆಮೇಲೆ ಹಳೆಯ ಪುಟ್ಟ ಗಡಿಗೆ ತೆಗೆದು ತೊಳೆದು, ತಾವೇ ಮೆಣಸು, ಸಣ್ಣ ಈರುಳ್ಳಿ ಹಾಕಿ ಬೇಯಿಸಿದರು. ದೀಪ ಹಚ್ಚಿದರು. ಎಲ್ಲರೂ ಹುತ್ತದ ಅಣಬೆಯ ಸಾರು ಉಂಡರು, ಅವರು ಮೂಲೆಯಲ್ಲಿ ಕೂತು ಎಡೆ ಉಂಡರು.

ನಾನು ಬೋಡಿಯಿಂದ ಬರುವ ಹೊತ್ತಿಗೆ ಮಧ್ಯಾಹ್ನ ಇಳಿಯುತ್ತಿತ್ತು. ಗೋವಿಂದತ್ತೆ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಅಷ್ಟು ಬೆಳಗಿದ ಮುಖವನ್ನು ನಾನು ಅವರಲ್ಲಿ ಕಂಡಿರಲಿಲ್ಲ. ಆಗಲೇ ಮಣಿಯಕ್ಕ ಎದ್ದು ಬಂದು ಒಲೆಯ ಪಕ್ಕ ಹುಡುಕಾಡಿ, ಎಲೆ ಎಲ್ಲಿ ಎಂದು ಕೇಳಿದಳು. ಉತ್ತರ ಜಗಲಿಯಿಂದ ಬಂತು. ಮಣಿಯನ್ನು ಮುದ್ದಿಗೆ ಕಣ್ಣು ಎಂದು ಕರೆಯುವುದು ಆ ಮನೆಯ ರೂಢಿ.

"ನಾನೇ ಉಂಡೆ, ಕಣ್ಣು. ಇಟ್ಟವ್ಳು ನೀನು, ಉಂಡವ್ಳು ನಾನು. ಇಷ್ಟ್ ವರುಸಕ್ಕೆ ನನ್ಗೂ ಒಬ್ಳು ಎಡೆ ಎತ್ತಿಟ್ಳಲ್ಲ, ನನ್ಗಿನ್ನೇನ್ ಬೇಕು."

ಮಣಿಯಕ್ಕ ಜಗಲಿಗೆ ಓಡಿದಳು. ಅದು ಎಡೆಯಲ್ಲ ಎಂದು ಅವಳು ಹೇಳಲಿಲ್ಲ. ಅದು ಬೇರೆ ಜಾತಿ ಅತ್ತೆ, ವಿಷ ಇರಬಹುದು, ಎದ್ದೇಳು, ಆಸ್ಪತ್ರೆಗೆ ಹೋಗೋಣ ಎಂದಷ್ಟೇ ಹೇಳಿ ಅವರ ರಟ್ಟೆ ಹಿಡಿದಳು. ಗೋವಿಂದತ್ತೆ ಏಳಲಿಲ್ಲ. ಹೊಟ್ಟೆನೋವಿಲ್ಲ, ತಲೆಸುತ್ತಿಲ್ಲ, ಕಲ್ಲುಗುಂಡಿನ ಹಾಗಿದ್ದೇನೆ, ಯಾಕೆ ಬರಲಿ ಎಂದು ನಕ್ಕರು. ಮಾವನೂ ಗದರಿದರು, ಹಿರಿಯರ ಎಡೆ ಉಂಡು ಯಾರಾದರೂ ಸಾಯುತ್ತಾರೆಯೇ ಎಂದು. ಕೊನೆಗೆ ನನ್ನ ಗಂಡ ಕಾರು ತಂದು ಅವರನ್ನು ಎತ್ತಿ ಕೂರಿಸಿದ. ದಾರಿಯುದ್ದಕ್ಕೂ ಗೋವಿಂದತ್ತೆ ಕರುವಿಗೆ ನೀರು ಕುಡಿಸಿಲ್ಲ ಎಂದು ಬೈಯುತ್ತಾ ಬಂದರು.

ತೇನಿಯ ಆಸ್ಪತ್ರೆಯಲ್ಲಿ ಹೊಟ್ಟೆ ತೊಳೆದರು, ಇದ್ದಿಲ ಪುಡಿ ಕುಡಿಸಿದರು, ಸಲೈನ್ ಹಾಕಿದರು. ಡಾಕ್ಟರು ಒಳ್ಳೆಯವರು. ಮಣಿಯಕ್ಕ ಹೇಳಿದ್ದನ್ನು ಗಮನವಿಟ್ಟು ಕೇಳಿದರು, ಕ್ಯಾಮೆರಾದಲ್ಲಿದ್ದ ಚಿತ್ರ ನೋಡಿದರು. ಇದರಲ್ಲಿ ಯಾವ ವಿಷ ಇದೆ ಎಂದು ಕೇಳಿದಾಗ ಮಣಿಯಕ್ಕ ಹೇಳಿದ್ದು ಒಂದೇ ಮಾತು, ಯಾರಿಗೂ ಗೊತ್ತಿಲ್ಲ. ಇದರ ದಾಯಾದಿಗಳಲ್ಲಿ ಕೆಲವು ಕೊಲ್ಲುತ್ತವೆ, ಕೆಲವು ಏನೂ ಮಾಡುವುದಿಲ್ಲ. ಇದನ್ನು ಈವರೆಗೆ ಯಾರೂ ತಿಂದು ನೋಡಿಲ್ಲ, ಪರೀಕ್ಷೆ ಮಾಡಿಲ್ಲ, ಇದಕ್ಕೆ ಹೆಸರೇ ಇಲ್ಲ.

ಆ ಗೊತ್ತಿಲ್ಲ ಎಂಬ ಮಾತೇ ನಮಗೆ ಉಳಿದ ಆಸೆಯಾಗಿತ್ತು. ಆಸ್ಪತ್ರೆಯ ಓಣಿಯ ಬೆಂಚಿನ ಮೇಲೆ ಮಣಿಯಕ್ಕ ನನಗೊಬ್ಬಳಿಗೇ ಎಲ್ಲ ಹೇಳಿದಳು. ಒಣಗಲು ಇಟ್ಟದ್ದು, ಕರೆಂಟಿಲ್ಲದ್ದು, ನಿದ್ದೆ ಹೋದದ್ದು. ಕೊಲ್ಲುವ ಜಾತಿಯಾದರೆ ಹೇಗೆ ನಡೆಯುತ್ತದೆ ಎಂಬುದನ್ನೂ ಹೇಳಿದಳು. ಮೊದಲು ಏನೂ ಆಗುವುದಿಲ್ಲ. ಅರ್ಧ ದಿನ ಕಳೆದು ವಾಂತಿ, ಭೇದಿ. ಆಮೇಲೆ ಅದು ನಿಲ್ಲುತ್ತದೆ, ಕಾಯಿಲೆಯವರು ಎದ್ದು ಕೂತು ಗಂಜಿ ಕೇಳುತ್ತಾರೆ, ಮನೆಯವರು ದೇವರಿಗೆ ಕೈ ಮುಗಿಯುತ್ತಾರೆ. ಆ ಹೊತ್ತಿಗೆ ಒಳಗೆ ಈಲಿ, ಅಂದರೆ ಲಿವರ್, ಕರಗುತ್ತಾ ಇರುತ್ತದೆ. ತನ್ನ ಓದು, ತನ್ನ ಊಹೆ ಎಲ್ಲ ತಪ್ಪಾಗಲಿ, ತಾನು ಏನೂ ಅರಿಯದ ದಡ್ಡಿಯಾಗಲಿ ಎಂದು ಅವಳು ಬೇಡಿಕೊಳ್ಳುತ್ತಿದ್ದಳು. ನಾನು ಹೇಳಿದೆ, ಒಣಗಲು ಇಟ್ಟಿದ್ದೆ ಎಂಬುದನ್ನು ಈ ಮನೆಯಲ್ಲಿ ಯಾರಿಗೂ ಹೇಳಬೇಡ ಎಂದು. ಇಂದಿಗೂ ನನ್ನ ಮಾತು ಅದೇ.

ವಾಂತಿ ಶುರುವಾಯಿತು. ಅದನ್ನು ನಾನು ವರ್ಣಿಸುವುದಿಲ್ಲ. ಹೆಣದ ಬಣ್ಣಕ್ಕೆ ತಿರುಗಿದ ಗೋವಿಂದತ್ತೆಯನ್ನು ನೋಡಿ ಮಾವ ಗೋಡೆಗೆ ತಲೆ ಚಚ್ಚಿಕೊಂಡರು. ಆಮೇಲೆ ಮಣಿಯಕ್ಕ ಹೇಳಿದ ಹಾಗೆಯೇ ಅದು ನಿಂತಿತು.

ಮರುದಿನ ಗೋವಿಂದತ್ತೆ ದಿಂಬಿಗೆ ಒರಗಿ ಕೂತು, ನರ್ಸಿನ ಜಡೆ ಸರಿಯಿಲ್ಲವೆಂದು ಬೈದು, ಕಾಫಿ ಕೇಳಿದರು. ತೇವಾರಂನಿಂದ ವೀರಮ್ಮಾಳ್ ಇಡ್ಲಿ ತಂದರು. ಮಾವ ಅಕ್ಕನ ಕಾಲ ಬಳಿ ಕೂತು ಮಗುವಿನ ಹಾಗೆ ನಗುತ್ತಿದ್ದರು. ಹಿರಿಯರು ಪರೀಕ್ಷೆ ಮಾಡಿ ಬಿಟ್ಟರು ಎಂದರು. ಇಡೀ ವಾರ್ಡಿನಲ್ಲಿ ನಗದೆ ನಿಂತಿದ್ದವಳು ಮಣಿಯಕ್ಕ ಒಬ್ಬಳು. ಅತ್ತೆ ಹುಷಾರಾದರೂ ಇವಳ ಮುಖ ಯಾಕೆ ಹೀಗೆ ಎಂದು ಮಾವ ಅವಳ ಮೇಲೆ ರೇಗಿದರು. ಅವಳು ರಕ್ತ ಪರೀಕ್ಷೆಯ ಚೀಟಿ ನೋಡಿ ಆಗಿತ್ತು. ನನಗೆ ಅವಳನ್ನೂ ನೋಡಲಾಗಲಿಲ್ಲ, ನಗುತ್ತಿದ್ದವರನ್ನೂ ನೋಡಲಾಗಲಿಲ್ಲ.

ವಿಷದ ಕೇಸೆಂದು ಆಸ್ಪತ್ರೆಯವರು ತಿಳಿಸಿದ್ದರಿಂದ ಪೊಲೀಸ್ ಹೆಂಗಸೊಬ್ಬಳು ಬಂದಳು. ಅಣಬೆ ಎಲ್ಲಿಂದ ಬಂತು, ಯಾರು ತಂದರು ಎಂದು ತಮಿಳಿನಲ್ಲಿ ಕೇಳಿದಳು. ಮಣಿಯಕ್ಕ ಮುಂದೆ ಬಂದು ಬಾಯಿ ತೆರೆಯುವ ಮೊದಲೇ ಗೋವಿಂದತ್ತೆ ಗಟ್ಟಿಯಾಗಿ ತಮಿಳಿನಲ್ಲಿ ಉತ್ತರ ಕೊಟ್ಟರು. ಮನೆಯ ಹಿಂದೆ ಬಾವಿಯ ಬದಿಯಲ್ಲಿ ಎದ್ದಿತ್ತು, ನಾನೇ ಕಿತ್ತೆ, ನಾನೇ ಬೇಯಿಸಿದೆ, ನಾನೇ ತಿಂದೆ, ಈ ಹುಡುಗಿ ಊರಲ್ಲೇ ಇರಲಿಲ್ಲ ಎಂದರು. ತಾನು ಉಂಡ ಎಲೆಯಲ್ಲಿ ಮಣಿ ತಪ್ಪಿ ಕೆಟ್ಟ ಅಣಬೆ ಇಟ್ಟಿದ್ದಾಳೆ ಎಂಬುದು ಅವರಿಗೆ ಅಷ್ಟರಲ್ಲಿ ಅರ್ಥವಾಗಿತ್ತು. ಉಳಿದವರಿಗೆ ಏನೂ ಆಗಿರಲಿಲ್ಲವಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಹೆರದವರಿಗೂ ಅಷ್ಟೇ ಮುದ್ದು ಎಂದು ನಾನು ಅಂದು ಕಂಡೆ. ಬಾವಿಯ ಬದಿಯ ಮಾತು ಪೊಲೀಸರಿಗೆ ಹೋಯಿತು, ಊರಿಗೂ ಹೋಯಿತು.

ಸಂಜೆ ಮಾವ, ವೀರಮ್ಮಾಳ್ ಊರಿಗೆ ಹೊರಟರು. ನಾನು ಗೋವಿಂದತ್ತೆಯ ಸೀರೆ ಮಡಿಸುತ್ತಿದ್ದೆ. ಮಣಿಯಕ್ಕ ಮಂಚದ ಅಂಚಿನಲ್ಲಿ ಕೂತಿದ್ದಳು. ಗೋವಿಂದತ್ತೆಯ ಕಣ್ಣಿನ ಬಿಳಿ ಆಗಲೇ ಹಳದಿಯಾಗುತ್ತಿತ್ತು. ಅವರು ಮಣಿಯ ಕೈ ಎಳೆದು ತಮ್ಮ ಹೊಟ್ಟೆಯ ಮೇಲೆ ಇಟ್ಟುಕೊಂಡರು.

"ಕಣ್ಣು, ಒಂದ್ ಮಾತ್ ಕೇಳ್ತೀನಿ. ಯಾವ್ ಕಾಳಾನೋ ಏನೋ, ಹೋಗ್ಲಿ. ನೀ ಹಿರೀರ್ಗಂತ್ಲೇ ಎತ್ತಿಟ್ಟೆ, ಅಲ್ವಾ?"

ಮಣಿಯಕ್ಕ ನನ್ನ ಕಡೆ ನೋಡಲಿಲ್ಲ.

"ಊಂ ಅತ್ತೆ. ಹಿರೀರ್ಗೇ ಇಟ್ಟೆ. ನೀ ಉಣ್ಲಿ ಅಂತ್ಲೇ ಇಟ್ಟೆ."

ಗೋವಿಂದತ್ತೆ ಕಣ್ಣು ಮುಚ್ಚಿದರು. ಸಾಕು ಎಂದರು. ನನ್ನ ನಾದಿನಿ ಕಣ್ಣಾರೆ ಕಾಣದ್ದನ್ನು ಕಂಡೆ ಎಂದು ಬರೆದವಳಲ್ಲ, ಒಂದು ಎಲೆಯ ಬಣ್ಣದ ವಿಷಯದಲ್ಲೂ ಸುಳ್ಳು ಹೇಳಿದವಳಲ್ಲ. ಅಂದು ಹೇಳಿದಳು. ನನಗೆ ಅವಳ ಮೇಲೆ ಎಂದೂ ಇಲ್ಲದ ಪ್ರೀತಿ ಬಂತು, ಸೀರೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟೆ.

ಅದರ ಮೇಲೆ ಗೋವಿಂದತ್ತೆಗೆ ನೆಟ್ಟಗೆ ಎಚ್ಚರ ಬರಲಿಲ್ಲ. ಮಧುರೈಗೆ ಸಾಗಿಸಿದೆವು, ಈ ವಯಸ್ಸಿಗೆ ಬೇರೆ ಈಲಿ ಹಾಕುವ ಮಾತಿಲ್ಲ ಎಂದರು. ಅವರು ಹೋದದ್ದು ಬೆಳಗಿನ ಹೊತ್ತು, ಮಣಿಯಕ್ಕನ ಮಡಿಲಲ್ಲಿ. ಹೆಸರಿಲ್ಲದ ಆ ಅಣಬೆ ಕೊಲ್ಲುತ್ತದೆ ಎಂಬುದು ಜಗತ್ತಿನಲ್ಲಿ ಮೊದಲು ಗೊತ್ತಾದದ್ದು ಹೀಗೆ.

ದುಃಖ ಕೇಳಲು ಬಂದವರಿಗೆಲ್ಲ ಮಾವ ಬಾವಿಯ ಬದಿಯ ಕಥೆಯನ್ನೇ ಹೇಳಿದರು. ಅಕ್ಕ ಕೊಟ್ಟು ಹೋದ ಮಾತು ಅದು. ಊರವರು ಬಂದು ನಮ್ಮ ಬಾವಿಯ ಸುತ್ತ ಬ್ಲೀಚಿಂಗ್ ಪುಡಿ ಸುರಿದರು, ಮಕ್ಕಳನ್ನು ಆ ಕಡೆ ಬಿಡಲಿಲ್ಲ. ಬೆಂಕಿ ಬಿದ್ದದ್ದು ಒಂದು ಕಡೆ, ನೀರು ಹಾಕಿದ್ದು ಇನ್ನೊಂದು ಕಡೆ. ಆದರೆ ಮನೆಯವರೇ ಇದ್ದಾಗ ಮಾವ ಬೇರೆ ಮಾತು ಆಡುತ್ತಿದ್ದರು. ನಮ್ಮ ಅಕ್ಕನಿಗೆ ಬದುಕಿನಲ್ಲಿ ಏನೂ ಸಿಗಲಿಲ್ಲ, ಗಂಡ ಉಳಿಯಲಿಲ್ಲ, ಮಕ್ಕಳಾಗಲಿಲ್ಲ, ಆದರೆ ಸಾಕಿದ ಮಗಳ ಕೈಯಿಂದ ಹಿರಿಯರ ಎಡೆ ಉಂಡು ಹೋದಳು, ಹಿರಿಯರೇ ಕರೆದುಕೊಂಡರು ಎನ್ನುತ್ತಿದ್ದರು. ದಿನಕ್ಕೊಂದು ಸಲ ಅದನ್ನು ಹೇಳಿ, ಆಮೇಲೆ ಊಟಕ್ಕೆ ಕೂರುತ್ತಿದ್ದರು. ಆ ಮಾತು ಬಂದಾಗಲೆಲ್ಲ ಮಣಿಯಕ್ಕ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದಳು.

ಆ ವರ್ಷವೆಲ್ಲ ಅವಳು ಕಾಡಿಗೆ ಹೋಗಲಿಲ್ಲ. ಪಾಠ ಹೇಳುವುದು, ಬಾಡಿಗೆಯ ಕೋಣೆಗೆ ಹೋಗುವುದು, ಅಷ್ಟೇ. ಅಣಬೆಯ ಚಿತ್ರ ನೋಡಿದ ಸಹೋದ್ಯೋಗಿಯೊಬ್ಬರು ಇದು ಖಂಡಿತ ಹೊಸ ಜಾತಿ, ನಿಮ್ಮ ಅತ್ತೆಯ ಹೆಸರೇ ಇಡಿ, ಅವರು ಶಾಶ್ವತವಾಗಿ ಉಳಿಯುತ್ತಾರೆ ಎಂದರಂತೆ. ಸಮಾಧಾನಕ್ಕೆ ಹೇಳಿದ ಮಾತು. ಮಣಿಯಕ್ಕ ಅವರ ಜೊತೆ ಬಹಳ ದಿನ ಮಾತಾಡಲಿಲ್ಲ. ಕೊಂದವನಿಗೆ ಸತ್ತವಳ ಹೆಸರಿಡುತ್ತಾರೆಯೇ ಎಂದು ನನ್ನ ಬಳಿ ಕೇಳಿದಳು.

ಮುಂದಿನ ಐಪ್ಪಸಿಗೆ ಮಳೆ ಚೆನ್ನಾಗಿ ಆಯಿತು. ಅವಳು ಒಬ್ಬಳೇ ಮೇಲೆ ಹೋದಳು. ಹೋಗಬೇಕೆಂದು ಹೋದದ್ದಲ್ಲ, ಕಾಲು ಎಳೆದುಕೊಂಡು ಹೋಯಿತು ಎಂದಳು. ಅದೇ ಜಾಗ, ಅದೇ ಎಲೆಗೊಬ್ಬರದ ಮೇಲೆ ಅವು ಮತ್ತೆ ಎದ್ದಿದ್ದವು. ಆದರೆ ಒಂದಷ್ಟನ್ನು ಯಾರೋ ಆಗಲೇ ಕಿತ್ತಿದ್ದರು. ಅಲ್ಲಿಂದ ಕಾಲುದಾರಿ ಹಿಡಿದು ಓಡಿದಳು. ಏಲಕ್ಕಿ ತೋಟದ ಕೆಲಸ ಮುಗಿಸಿ ಇಳಿಯುತ್ತಿದ್ದ ಹೆಂಗಸರಲ್ಲಿ ಮುತ್ತುಲಕ್ಷ್ಮಿ ಎಂಬವಳ ಟವೆಲಿನ ಗಂಟಿನಲ್ಲಿ ಅವು ಸಿಕ್ಕವು. ಬೇರೆ ಅಣಬೆಗಳ ಜೊತೆ ಬೆರೆತು ಕೂತಿದ್ದವು. ಇದು ಸಾಯಿಸುತ್ತದೆ ಎಂದು ಮಣಿಯಕ್ಕ ಗಂಟು ಕಿತ್ತುಕೊಂಡಳು. ಮುತ್ತುಲಕ್ಷ್ಮಿ ಹೆದರಲಿಲ್ಲ, ನಕ್ಕಳು. ಹೋದ ವರ್ಷ ತೇವಾರಂನಲ್ಲಿ ಒಂದು ಮುದುಕಿ ಸತ್ತದ್ದು ಬಾವಿಯ ಬದಿಯ ಕೊಳಕು ಕಾಳಾನ್ ತಿಂದು, ಇದು ಬೆಟ್ಟದ್ದು, ಶುದ್ಧವಾದದ್ದು, ಇದಕ್ಕೇನು ಭಯ ಎಂದಳು. ಬೋಡಿಯ ಕಡೆಯಿಂದ ಜೀಪಿನಲ್ಲಿ ತೋಟಗಳಿಗೆ ಹೋಗುವ ಹೆಂಗಸರೆಲ್ಲ ಅದನ್ನೇ ನಂಬಿದ್ದರು.

ಗಂಟನ್ನು ಹಿಡಿದುಕೊಂಡೇ ಮಣಿಯಕ್ಕ ತೇವಾರಂಗೆ ಬಂದಳು. ಅದನ್ನು ಕೊಟ್ಟಿಗೆಯ ಸೂರಿಗೆ ಕಟ್ಟಿ, ಕೈ ತೊಳೆದು, ಜಗಲಿಯಲ್ಲಿ ಮಾವನ ಎದುರು ಕೂತಳು. ನಾನು ಅಕ್ಕಿ ಆರಿಸುತ್ತಿದ್ದೆ. ಇದು ಎಲ್ಲಿ ಹುಟ್ಟುತ್ತದೆ, ಯಾರು ತಂದರು, ಹೇಗೆ ಮನೆಯೊಳಗೆ ಬಂತು, ಎಲ್ಲವನ್ನೂ ನಿಜವಾಗಿ ಬರೆದು ಪತ್ರಿಕೆಗೆ ಕೊಡುತ್ತೇನೆ, ಜೀಪು ನಿಲ್ಲುವ ಜಾಗಗಳಲ್ಲಿ ನಿಂತು ಹೇಳುತ್ತೇನೆ ಎಂದಳು.

ಮಾವ ಕೆಂಡವಾದರು. ಸಾಯುವಾಗ ಅಕ್ಕ ಆಡಿದ ಮಾತನ್ನು ಊರ ಮುಂದೆ ಸುಳ್ಳು ಮಾಡುತ್ತೀಯಾ, ನಿನ್ನ ಮೇಲೆ ಬರಬಾರದೆಂದು ಅವಳು ಮೈಮೇಲೆ ಹಾಕಿಕೊಂಡದ್ದನ್ನು ನೀನೇ ಎಳೆದುಕೊಳ್ಳುತ್ತೀಯಾ ಎಂದು ಕೂಗಿದರು. ಮಣಿಯಕ್ಕ ಮುತ್ತುಲಕ್ಷ್ಮಿಯ ವಿಷಯ ಹೇಳಿದಳು. ಅವಳಿಗೆ ಇಬ್ಬರು ಸಣ್ಣ ಮಕ್ಕಳು, ಅವರಿಗೂ ಇದನ್ನೇ ಬೇಯಿಸಿ ಹಾಕುತ್ತಿದ್ದಳು ಎಂದಳು. ಮಾವ ಕೊಟ್ಟಿಗೆಯ ಸೂರಿನ ಗಂಟಿನ ಕಡೆ ನೋಡಿದರು. ಆಮೇಲೆ ತಲೆಯಾಡಿಸಿದರು. ಮಕ್ಕಳು ಸಾಯಬಾರದು, ಅಕ್ಕನೂ ಇದ್ದಿದ್ದರೆ ಒಪ್ಪುತ್ತಿದ್ದಳು, ಬರಿ ಎಂದರು. ನನಗೆ ಉಸಿರು ಬಂತು. ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಮಾವನ ಮುಖ ಮೆತ್ತಗಾಗಿತ್ತು. ಮಗಳ ಮೊಣಕಾಲಿನ ಮೇಲೆ ಕೈ ಇಟ್ಟು ಹೇಳಿದರು.

"ಎಲ್ಲಾ ಬರಿ ತಾಯಿ. ಆದ್ರೆ ಒಂದ್ ಸೇರ್ಸಿ ಬರಿ. ನೀ ಹಿರೀರ್ಗೆ ಎಡೆ ಅಂತ ಎತ್ತಿಟ್ಟಿದ್ದೆ, ಅದ್ನ ಅವ್ಳು ಉಂಡ್ಳು ಅಂತ ಬರಿ. ಊರು ಓದ್ಲಿ."

ನಾನು ಮೊರದ ಮೇಲಿನಿಂದ ಮಣಿಯಕ್ಕನಿಗೆ ಕಣ್ಸನ್ನೆ ಮಾಡಿದೆ. ಊಂ ಅನ್ನು, ಒಂದು ಸಲ ಹೇಳಿದ್ದೀಯಲ್ಲ, ಇನ್ನೊಂದು ಸಲ ಹೇಳು ಎಂದು ಮನಸ್ಸಿನಲ್ಲೇ ಕೂಗಿದೆ. ಅವಳು ನನ್ನನ್ನು ನೋಡಿದಳು, ನೋಡಿಯೂ ನನ್ನ ಮಾತು ತೆಗೆದುಕೊಳ್ಳಲಿಲ್ಲ. ಅಂದು ಆಸ್ಪತ್ರೆಯಲ್ಲಿ ಹೇಳಿದ ಸುಳ್ಳು ಸಾಯುವವಳಿಗೆ ಹೇಳಿದ್ದು. ಬದುಕಿರುವವರಿಗೆ, ಅದೂ ಅಚ್ಚಿನಲ್ಲಿ, ಅವಳಿಂದ ಆಗಲಿಲ್ಲ.

"ಅಪ್ಪಾ, ನಾ ಎಡೆ ಇಟ್ಟಿಲ್ಲ. ಒಣಗಕ್ಕೆ ಇಟ್ಟಿದ್ದೆ."

ಮಾವನಿಗೆ ಮೊದಲು ಅರ್ಥವಾಗಲಿಲ್ಲ. ಅವಳು ಮತ್ತೊಮ್ಮೆ ಹೇಳಬೇಕಾಯಿತು. ಕರೆಂಟಿರಲಿಲ್ಲ, ಒಲೆಯ ಬಿಸಿಗೆ ಇಟ್ಟೆ, ಎಡೆಯ ನೆನಪೇ ನನಗಿರಲಿಲ್ಲ ಎಂದಳು. ಮಾವ ಅವಳ ಮೊಣಕಾಲಿನ ಮೇಲಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. ಕೂಗಲಿಲ್ಲ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ. ಅಂಗಳದ ಕಡೆ ನೋಡುತ್ತಾ ಹೇಳಿದರು.

"ಅದೊಂದ್ ನನ್ಗೆ ಬಿಟ್ಟಿರ್ಬೋದಾಗಿತ್ತಲ್ಲ, ಕಣ್ಣು."

ಮಣಿಯಕ್ಕ ಬರೆದಳು. ಒಣಗಲು ಇಟ್ಟಿದ್ದು ಎಂದೇ ಬರೆದಳು. ಅಣಬೆಗೆ ಆ ಬೆಟ್ಟದ ಹೆಸರು ಇಟ್ಟಳು. ಬೋಡಿಯ ಹೆಂಗಸರು ಈಗ ಅದನ್ನು ಕೀಳುವುದಿಲ್ಲ. ಮಾವ ಈಗ ಊಟಕ್ಕೆ ಮುಂಚೆ ಅಕ್ಕನ ಮಾತು ಎತ್ತುವುದಿಲ್ಲ, ಬಡಿಸಿದ್ದನ್ನು ಉಂಡು ಏಳುತ್ತಾರೆ.